ಮಕ್ಕಳ ಕೈಗೆ ಕೆಟಲ್‌ಬೆಲ್: ನಾನು ಕಲಿಸುವ ರೀತಿ

ಮೈಸೂರಿನಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕೆಟಲ್‌ಬೆಲ್ (ಮೇಲೆ ಹಿಡಿ ಇರುವ ಕಬ್ಬಿಣದ ಗುಂಡು) ಕಲಿಸುವ ಬ್ಯಾಚ್ ನಡೆಸುತ್ತೇನೆ. ಎಂಟು ವರ್ಷದವರಿಂದ ಹಿಡಿದು ಪಿಯುಸಿ ಓದುವವರ ತನಕ ಬರುತ್ತಾರೆ. ಸೇರಿಸಲು ಬಂದ ಅಪ್ಪ ಅಮ್ಮಂದಿರು ಮೊದಲು ಕೇಳುವುದು ಒಂದೇ ಮಾತು: “ತೂಕ ಎತ್ತಿದ್ರೆ ಎತ್ತರ ಬೆಳೆಯೋದು ನಿಂತುಹೋಗುತ್ತಂತಲ್ವಾ ಸರ್?”

ನಿಲ್ಲುವುದಿಲ್ಲ. ಮಕ್ಕಳ ಮೂಳೆ ತುದಿಯಲ್ಲಿ ಬೆಳೆಯುವ ಭಾಗ ಮೆತ್ತಗಿರುತ್ತದೆ, ನಿಜ. ಅದಕ್ಕೆ ಪೆಟ್ಟಾಗುವುದು ಬಿದ್ದಾಗ, ಕೈಯಿಂದ ತೂಕ ಜಾರಿದಾಗ, ಹೇಳಿಕೊಡುವವರಿಲ್ಲದೆ ಮೈಗೆ ಮೀರಿದ ಭಾರ ಎತ್ತಿದಾಗ. ಓಡುವಾಗ ಮಗುವಿನ ಕಾಲಿನ ಮೇಲೆ ಅದರ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಅದಕ್ಕೆ ಯಾರೂ ಹೆದರುವುದಿಲ್ಲ, ನಾಲ್ಕು ಕಿಲೋ ಕಬ್ಬಿಣ ನೋಡಿದರೆ ಹೆದರುತ್ತಾರೆ! ಸರಿಯಾಗಿ ಹೇಳಿಕೊಟ್ಟು, ಪಕ್ಕದಲ್ಲಿ ನಿಂತು ಮಾಡಿಸಿದರೆ ಬೆಳವಣಿಗೆಗೆ ತೊಂದರೆ ಇಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲೂ ಹೇಳಿದೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, 5ರಿಂದ 17 ವರ್ಷದ ಮಕ್ಕಳು ವಾರಕ್ಕೆ ಮೂರು ದಿನವಾದರೂ ಸ್ನಾಯು, ಮೂಳೆ ಗಟ್ಟಿಯಾಗುವಂಥ ವ್ಯಾಯಾಮ ಮಾಡಬೇಕು ಎಂದಿತು.

ಹತ್ತು ವರ್ಷದ ಮಗುವಿನ ತೋಳು ದಪ್ಪ ಆಗಲಿ ಎಂದು ಕಾಯಬೇಡಿ, ಆಗುವುದಿಲ್ಲ. ಆದರೂ ಬಲ ಬರುತ್ತದೆ. ಆ ವಯಸ್ಸಿನಲ್ಲಿ ಕಲಿಯುವುದು ಹೆಚ್ಚಾಗಿ ನರಗಳು: ಯಾವ ಸ್ನಾಯುವನ್ನು ಯಾವಾಗ, ಎಷ್ಟು ಬಿಗಿಯಬೇಕು ಎನ್ನುವುದು ಮೈಗೆ ಹತ್ತುತ್ತದೆ. ಹಾಗಾಗಿ ನನ್ನ ಕಣ್ಣು ಮಗು ಎಷ್ಟು ಕಿಲೋ ಎತ್ತಿತು ಎಂಬುದರ ಮೇಲೆ ಇರುವುದಿಲ್ಲ, ಹೇಗೆ ಕೆಳಗಿಟ್ಟಿತು ಎಂಬುದರ ಮೇಲೆ ಇರುತ್ತದೆ.

ಮೊದಲ ಪಾಠಕ್ಕೆ ಕಬ್ಬಿಣವೇ ಬೇಡ, ಒಂದು ಪೊರಕೆ ಕೋಲು ಸಾಕು. ಅದನ್ನು ಬೆನ್ನಿಗೆ ಉದ್ದಕ್ಕೆ ಹಿಡಿಸುತ್ತೇನೆ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ, ಮೂರೂ ಕಡೆ ಕೋಲು ತಾಗಿರಬೇಕು. ಗೋಡೆಗೆ ಬೆನ್ನು ಮಾಡಿ ಒಂದಡಿ ಮುಂದೆ ನಿಂತು, ಮಂಡಿ ಸ್ವಲ್ಪ ಸಡಿಲ ಬಿಟ್ಟು, ಕುಂಡಿಯನ್ನು ಹಿಂದಕ್ಕೆ ತಳ್ಳಿ ಗೋಡೆ ಮುಟ್ಟಿಸಬೇಕು. ಕೋಲು ಎಲ್ಲೂ ಬಿಡಬಾರದು. ಹೆಚ್ಚಿನ ಮಕ್ಕಳು ಮೊದಲು ಬೆನ್ನನ್ನೇ ಗೂನು ಮಾಡಿ ಬಾಗುತ್ತಾರೆ, ಕೋಲು ಕೆಳಗಿನಿಂದ ಬಿಟ್ಟುಕೊಳ್ಳುತ್ತದೆ, ಅವರಿಗೇ ಗೊತ್ತಾಗುತ್ತದೆ, ನಾನು ಬಾಯಿ ತೆರೆಯುವ ಅಗತ್ಯವೇ ಇರುವುದಿಲ್ಲ.

ಇದು ಮೈಗೆ ಹತ್ತಿದ ಮೇಲೆ ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ತೂಕ ಎತ್ತಿ ನೆಟ್ಟಗೆ ನಿಲ್ಲುವುದು. ಕೆಟಲ್‌ಬೆಲ್ ಎರಡು ಪಾದಗಳ ನಡುವೆ ಇರುತ್ತದೆ. ಹಿಡಿ ಮೇಲಿರುವುದರಿಂದ ಮಗು ತೀರಾ ಕೆಳಗೆ ಬಗ್ಗಬೇಕಿಲ್ಲ, ಎರಡೂ ಕೈ ಹಾಕಬಹುದು. ಚಿಕ್ಕವರಿಗೆ ಡಂಬೆಲ್‌ಗಿಂತ ಇದೇ ವಾಸಿ ಎನ್ನುವುದು ಅದಕ್ಕೇ. ಎತ್ತಿ ನಿಂತು, ಸದ್ದಾಗದ ಹಾಗೆ ಇಳಿಸಬೇಕು. “ಧಡ್” ಅಂತ ಕೇಳಿಸಿದರೆ ಅದು ಲೆಕ್ಕಕ್ಕಿಲ್ಲ. ಐದು ಸಲ ಸದ್ದಿಲ್ಲದೆ ಇಳಿಸಲು ಹೊಟ್ಟೆ, ಬೆನ್ನು, ತೊಡೆ ಎಲ್ಲಾ ಒಟ್ಟಿಗೆ ಕೆಲಸ ಮಾಡಲೇಬೇಕು. ಕೋಣೆಯ ಇನ್ನೊಂದು ಮೂಲೆಯಲ್ಲಿದ್ದರೂ ಯಾರಿಗೆ ಸುಸ್ತಾಗಿದೆ ಎಂದು ಆ ಸದ್ದಿನಿಂದಲೇ ಹೇಳಬಲ್ಲೆ.

ಆಮೇಲೆ ಕೆಟಲ್‌ಬೆಲ್ ಎದೆಗೆ ಅವುಚಿಕೊಂಡು ಬಸ್ಕಿ. ನಮ್ಮೂರ ಗರಡಿಗಳಲ್ಲಿ ದಂಡ, ಬಸ್ಕಿ ಹೊಡೆದು ಗದೆ ತಿರುಗಿಸಿ ಬೆಳೆದವರಿಗೆ ಇದರಲ್ಲಿ ಹೊಸದೇನಿಲ್ಲ. ಆದರೆ ಈಗ ಕುಕ್ಕರಗಾಲಲ್ಲಿ ಕೂತರೆ ಹಿಮ್ಮಡಿ ನೆಲಕ್ಕೆ ಊರದ ಮಕ್ಕಳೇ ಜಾಸ್ತಿ. ಎದೆ ಹತ್ತಿರ ಸ್ವಲ್ಪ ತೂಕ ಇದ್ದರೆ ಹಿಂದಕ್ಕೆ ಬೀಳದೆ ಕೂರಲು ಆಸರೆಯಾಗುತ್ತದೆ. ಜೊತೆಗೆ ಒಂದು ಕೈಯಲ್ಲಿ ತೂಕ ಹಿಡಿದು, ಪಕ್ಕಕ್ಕೆ ವಾಲದೆ ನಡೆಯುವುದು. ಸ್ಕೂಲ್ ಬ್ಯಾಗನ್ನು ಒಂದೇ ಹೆಗಲಿಗೆ ನೇತುಹಾಕಿಕೊಂಡು ಸೊಟ್ಟಗೆ ನಡೆಯುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಔಷಧಿ ನನಗೆ ಗೊತ್ತಿಲ್ಲ.

ಹದಿಹರೆಯದವರ ಕಥೆ ಬೇರೆ. ಹುಡುಗಿಯರು ಸುಮಾರು ಹನ್ನೆರಡಕ್ಕೆ, ಹುಡುಗರು ಹದಿನಾಲ್ಕರ ಹೊತ್ತಿಗೆ ದಿಢೀರನೆ ಉದ್ದವಾಗುತ್ತಾರೆ. ಕೈಕಾಲು ಮೊದಲು ಬೆಳೆದು, ಮಾಂಸಖಂಡ ಹಿಂದೆ ಬೀಳುತ್ತದೆ. ನಿನ್ನೆ ಮೊನ್ನೆ ಚೆನ್ನಾಗಿ ಮಾಡುತ್ತಿದ್ದವರು ಎಡವಟ್ಟು ಮಾಡತೊಡಗುತ್ತಾರೆ, ಮಂಡಿ ನೋವು ಎನ್ನುತ್ತಾರೆ. ಆಗ ಬೈಯಬೇಡಿ, ಸೋಮಾರಿ ಎನ್ನಬೇಡಿ. ನಾನು ತೂಕ ಇಳಿಸಿ, ಮತ್ತೆ ಕೋಲು ಕೈಗೆ ಕೊಡುತ್ತೇನೆ.

ಸ್ವಿಂಗ್ (ಕೆಟಲ್‌ಬೆಲ್ಲನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ಬೀಸುವುದು) ಕಲಿಸುವುದು ಡೆಡ್‌ಲಿಫ್ಟ್ ಗಟ್ಟಿಯಾದ ಮೇಲೆ ಮಾತ್ರ. ವಿಡಿಯೋ ನೋಡಿ ಬಂದ ಹುಡುಗರು ಮೊದಲ ದಿನವೇ 16 ಕಿಲೋ ಬೀಸಲು ಹೊರಡುತ್ತಾರೆ. (ಆ 16 ಬಂದಿದ್ದು ರಷ್ಯಾದ ‘ಪೂಡ್’ ಎಂಬ ಹಳೆಯ ಅಳತೆಯಿಂದ. ಒಂದು ಪೂಡ್ ಎಂದರೆ 16 ಕಿಲೋ ಚಿಲ್ಲರೆ. ಒಂದೂವರೆ ಪೂಡಿಗೆ 24, ಎರಡಕ್ಕೆ 32 ಕಿಲೋ ಬಂದದ್ದೂ ಹಾಗೆಯೇ. ದೊಡ್ಡವರ ಲೆಕ್ಕ ಅದು, ಮಕ್ಕಳದ್ದಲ್ಲ.) ಸ್ವಿಂಗ್ ಕೈಯಿಂದ ಎತ್ತುವುದಲ್ಲ, ಸೊಂಟದಿಂದ ಒಗೆಯುವುದು. 8 ಕಿಲೋದಲ್ಲಿ ಹತ್ತು ಸಲ ಒಂದೇ ಥರ ಬಂದರೆ ಮುಂದಿನ ಮಾತು. ಟರ್ಕಿಶ್ ಗೆಟ್-ಅಪ್‌ ಎಂದರೆ ತೂಕ ಹಿಡಿದ ಕೈಯನ್ನು ಮೇಲೆತ್ತಿಕೊಂಡೇ ಮಲಗಿದಲ್ಲಿಂದ ಏಳುವುದು; ಅದಕ್ಕಂತೂ ತೂಕದ ಬದಲು ಮುಷ್ಟಿಯ ಮೇಲೆ ಅವರದೇ ಷೂ ಇಡಿಸುತ್ತೇನೆ. ಮಲಗಿದಲ್ಲಿಂದ ಎದ್ದು ನಿಲ್ಲುವ ತನಕ ಷೂ ಬೀಳಬಾರದು. ಎಲ್ಲರೂ ಇಷ್ಟಪಟ್ಟು ಮಾಡುವುದು ಇದನ್ನೇ.

ವಾರಕ್ಕೆ ಎರಡು ದಿನ, ಅರ್ಧ ಗಂಟೆ ನನ್ನ ಹತ್ತಿರ, ಉಳಿದ ದಿನ ಆಡಲಿ, ಓಡಲಿ. “ಎಷ್ಟು ಜಾಸ್ತಿ ಎತ್ತಬಲ್ಲೆ ನೋಡೋಣ” ಎಂಬ ಪಂದ್ಯ ನಮ್ಮಲ್ಲಿ ಇಲ್ಲ. ಹೃದಯದ ತೊಂದರೆ, ಬಿಪಿ, ಫಿಟ್ಸ್ ಇರುವ ಮಕ್ಕಳಾದರೆ ಮೊದಲು ಡಾಕ್ಟರ ಹತ್ತಿರ ಕೇಳಿಕೊಂಡು ಬನ್ನಿ ಎನ್ನುತ್ತೇನೆ.

ಮನೆಗೆ ಕೊಳ್ಳುವವರಿದ್ದರೆ ಮಗುವನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಹಿಡಿಯಲ್ಲಿ ಎರಡೂ ಕೈ ಹಿಡಿಸಬೇಕು, ಬೆರಳು ಪೂರ್ತಿ ಸುತ್ತಬೇಕು. ಸ್ಪರ್ಧೆಗೆ ಬಳಸುವ ಸ್ಟೀಲಿನವು ಎಲ್ಲಾ ತೂಕದಲ್ಲೂ ಒಂದೇ ಗಾತ್ರ ಇರುತ್ತವೆ, ಚಿಕ್ಕ ಮಕ್ಕಳಿಗೆ ಹೊಂದುವುದಿಲ್ಲ. ಒಳಗೆ ಮರಳು ತುಂಬಿದ ಪ್ಲಾಸ್ಟಿಕ್‌ನವೂ ಬೇಡ, ದಪ್ಪ ಜಾಸ್ತಿ, ಮಂಡಿಗೆ ತಾಗುತ್ತವೆ. ಎರಕದ ಕಬ್ಬಿಣದ 4 ಮತ್ತು 6 ಕಿಲೋ ತೆಗೆದುಕೊಳ್ಳಿ, ಕೆಳಗೆ ಹಾಸಲು ಒಂದು ರಬ್ಬರ್ ಮ್ಯಾಟ್ ತನ್ನಿ. ಹತ್ತು ವರ್ಷದ ಮಗುವಿಗೆ ಅಷ್ಟರಲ್ಲೇ ತುಂಬಾ ದಿನ ಕಲಿಯುವುದಿದೆ.