ಸಿಎಚ್‌ಒ ಹೋಗಿ ಅಊಔ ಬಂತು: ರಾಸಾಯನಿಕ ರಚನೆ ಬರೆಯುವ ಸಾಫ್ಟ್‌ವೇರ್ ಕಲಿತ ನನ್ನ ಅನುಭವ

ಹತ್ತನೇ ತರಗತಿಯ ಕಾರ್ಬನ್ ಪಾಠದ ಕಿರುಪರೀಕ್ಷೆ. ಡಿಟಿಪಿ ಅಂಗಡಿಯಿಂದ ಬಂದ ಪ್ರಶ್ನೆಪತ್ರಿಕೆಯಲ್ಲಿ ನಾಲ್ಕನೇ ಪ್ರಶ್ನೆ ಹೀಗಿತ್ತು: "ಅಊಔ ಎಂಬ ಕ್ರಿಯಾಗುಂಪಿನ ಹೆಸರೇನು?"

ನಾನು ಕೊಟ್ಟಿದ್ದು ಸಿಎಚ್‌ಒ, ಅಂದರೆ ಆಲ್ಡಿಹೈಡ್. ಅಂಗಡಿಯ ಹುಡುಗ ಇಡೀ ಪುಟ ಸೆಲೆಕ್ಟ್ ಮಾಡಿ ನುಡಿ ಫಾಂಟ್ ಹಾಕಿಬಿಟ್ಟಿದ್ದ. ಆ ಹಳೆಯ ಫಾಂಟಿನಲ್ಲಿ ಇಂಗ್ಲಿಷಿನ ಸಿ ಇರಬೇಕಾದ ಮನೆಯಲ್ಲಿ ಅ, ಎಚ್ ಮನೆಯಲ್ಲಿ ಊ, ಒ ಮನೆಯಲ್ಲಿ ಔ ಕೂತಿರುತ್ತವೆ. ಎಥನೋಯಿಕ್ ಆಮ್ಲದ ಬಾಲವಾದ ಸಿಒಒಎಚ್ ಅಂತೂ "ಅಔಔಊ" ಆಗಿ ಮಗು ರಚ್ಚೆ ಹಿಡಿದಂತೆ ಕಾಣುತ್ತಿತ್ತು. ನಲವತ್ತು ಪ್ರತಿಗಳನ್ನೂ ಪೆನ್ನಿನಲ್ಲಿ ತಿದ್ದಿದೆ.

ಅಕ್ಷರದ ಕಥೆ ಇದಾದರೆ ರಚನೆಗಳ ಕಥೆ ಇನ್ನೊಂದು. ವರ್ಡ್‌ನಲ್ಲಿ ಶೇಪ್ಸ್‌ಗೆ ಹೋಗಿ ಒಂದೊಂದೇ ಗೆರೆ ಎಳೆದು, ಪಕ್ಕದಲ್ಲಿ ಟೆಕ್ಸ್ಟ್ ಬಾಕ್ಸ್ ಇಟ್ಟು ಬರೆಯುತ್ತಿದ್ದೆ. ಗ್ರೂಪ್ ಮಾಡಲು ಮರೆತರೆ, ಮೇಲೆ ಒಂದು ಸಾಲು ಸೇರಿಸುತ್ತಲೇ ದ್ವಿಬಂಧದ ಒಂದು ಗೆರೆ ಮುಂದಿನ ಪುಟಕ್ಕೆ ಓಡಿಹೋಗುತ್ತಿತ್ತು. ಅದಕ್ಕಿಂತ ದೊಡ್ಡ ತಪ್ಪು ಒಮ್ಮೆ ನನ್ನಿಂದಲೇ ಆಯಿತು. ಪ್ರೊಪೇನ್‌ನ ರಚನೆಯನ್ನು ಕಾಪಿ ಮಾಡಿ, ನಡುವಿನ ಸಿಎಚ್2ಗೆ ಕೆಳಗೊಂದು ಗೆರೆ ಎಳೆದು ಇನ್ನೊಂದು ಸಿಎಚ್3 ಅಂಟಿಸಿ, ಐಸೋಬ್ಯುಟೇನ್ ಎಂದು ಕೊಟ್ಟುಬಿಟ್ಟೆ. ಸಿಎಚ್2 ಅನ್ನು ಸಿಎಚ್ ಮಾಡಲು ಮರೆತಿದ್ದೆ. ನಡುವಿನ ಕಾರ್ಬನ್‌ಗೆ ಐದು ಬಂಧ! "ಮಿಸ್, ಕಾರ್ಬನ್‌ಗೆ ನಾಲ್ಕೇ ಕೈ ಅಂತ ನೀವೇ ಹೇಳಿದ್ರಲ್ಲ?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಾಗ ಎಲ್ಲರಿಗೂ ಒಂದೊಂದು ಅಂಕ ಕೊಟ್ಟು ಸುಮ್ಮನಾದೆ.

ಇದನ್ನೆಲ್ಲ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನಿನಲ್ಲಿ ಹೇಳಿಕೊಂಡೆ. ಈಗ ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಮಾಡುತ್ತಿದ್ದಾನೆ.

"ಮೇಡಂ, ನೀವು ಚಿತ್ರ ಬಿಡಿಸ್ತಿದೀರಿ. ವರ್ಡ್‌ಗೆ ಅದು ಬರೀ ಗೆರೆ. ನಮ್ಮ ಸಾಫ್ಟ್‌ವೇರ್‌ಗಳಿಗೆ ಅದು ಬಂಧ ಅಂತ ಗೊತ್ತಿರುತ್ತೆ."

"ಅದಕ್ಕೆಲ್ಲ ದುಡ್ಡು ಕಟ್ಟೋರು ಯಾರಪ್ಪ?"

"ನಾವು ಬಳಸೋ ಕೆಮ್‌ಡ್ರಾಗೆ ದುಡ್ಡು ಬೇಕು, ನಿಜ. ನಿಮಗೆ ಅದು ಬೇಡ. ಕೆಮ್‌ಸ್ಕೆಚ್ ಹಾಕ್ಕೊಳ್ಳಿ. ನೆಟ್ ಇದ್ದರೆ ಕೆಚರ್."

ಕೆಮ್‌ಡ್ರಾ ಈ ಜಾತಿಯ ಹಿರಿಯಣ್ಣ. ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಸ್ಟೀವರ್ಟ್ ರೂಬೆನ್‌ಸ್ಟೈನ್ ಪ್ರೊಫೆಸರ್ ಡೇವಿಡ್ ಇವಾನ್ಸ್ ಜೊತೆ ಸೇರಿ 1985ರಲ್ಲಿ ಮ್ಯಾಕಿಂಟಾಷ್‌ಗಾಗಿ ತಂದದ್ದು. ಅದಕ್ಕೂ ಮುಂಚೆ ರಸಾಯನ ವಿಜ್ಞಾನಿಗಳೂ ಪ್ಲಾಸ್ಟಿಕ್ ಅಚ್ಚು, ಇಂಕ್ ಪೆನ್ನು ಹಿಡಿದು ಷಟ್ಕೋನ ಎಳೆಯುತ್ತಿದ್ದವರೇ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು. ಕೆಮ್‌ಸ್ಕೆಚ್‌ನ ಉಚಿತ ಆವೃತ್ತಿ ಸ್ವಂತ ಕೆಲಸಕ್ಕೂ ಪಾಠಕ್ಕೂ ಸಿಗುತ್ತದೆ, ಆದರೆ ವಿಂಡೋಸ್ ಬೇಕು. ಕೆಚರ್ ಬ್ರೌಸರ್‌ನಲ್ಲೇ ತೆರೆಯುತ್ತದೆ, ಮುಕ್ತ ತಂತ್ರಾಂಶ. ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಮೇಲೆ ನೆಟ್ ಇರುವುದೇ ಅನುಮಾನ, ಹಾಗಾಗಿ ಕೆಮ್‌ಸ್ಕೆಚ್ ಹಾಕಿಕೊಂಡೆ.

ಮೊದಲ ದಿನ ಖಾಲಿ ಪುಟದ ಮೇಲೆ ಸುಮ್ಮನೆ ಕ್ಲಿಕ್ ಮಾಡಿದೆ. "ಸಿಎಚ್4" ಎಂದು ಬಂತು. ಬೇಡ ಎಂದು ಪಕ್ಕದಲ್ಲಿ ಕ್ಲಿಕ್ ಮಾಡಿದರೆ ಇನ್ನೊಂದು ಸಿಎಚ್4. ಐದು ನಿಮಿಷದಲ್ಲಿ ಪುಟದ ತುಂಬ ಮೀಥೇನ್! ಆಮೇಲೆ ತಿಳಿಯಿತು: ಕಾರ್ಬನ್ ಇಟ್ಟರೆ ಉಳಿದ ಕೈಗಳಿಗೆ ಹೈಡ್ರೋಜನ್ ಅನ್ನು ಅದೇ ಲೆಕ್ಕ ಹಾಕಿ ಕೊಡುತ್ತದೆ. ಆ ಸಿಎಚ್4 ಮೇಲೆ ಒತ್ತಿ ಹಿಡಿದು ಪಕ್ಕಕ್ಕೆ ಎಳೆದೆ, ಅದು ಸಿಎಚ್3 ಆಯಿತು, ಆ ತುದಿಯಲ್ಲೂ ಸಿಎಚ್3 ಹುಟ್ಟಿತು. ಈಥೇನ್. ನಡುವಿನ ಗೆರೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ದ್ವಿಬಂಧ, ಹೈಡ್ರೋಜನ್ ಎರಡೂ ಕಡೆ ಎರಡೆರಡಕ್ಕೆ ಇಳಿಯಿತು. ಇನ್ನೊಮ್ಮೆ ಕ್ಲಿಕ್ ಮಾಡಿದರೆ ತ್ರಿಬಂಧ, ಒಂದೊಂದೇ ಉಳಿಯಿತು. ವೇಲೆನ್ಸಿ, ಅಂದರೆ ಯಾವ ಪರಮಾಣುವಿಗೆ ಎಷ್ಟು ಕೈ ಎಂಬ ಪಾಠ ಮಾಡಲು ನಾನು ಒಂದು ಪೀರಿಯಡ್ ತೆಗೆದುಕೊಳ್ಳುತ್ತಿದ್ದೆ. ಇಲ್ಲಿ ಮೂರು ಕ್ಲಿಕ್ಕು. ಕಾರ್ಬನ್‌ಗೆ ಬೇಕೆಂದೇ ಐದನೇ ಬಂಧ ಎಳೆದು ನೋಡಿದೆ, ಅದರ ಮೇಲೆ ಕೆಂಪು ಗುರುತು ಹಾಕಿತು. ಆ ಹುಡುಗಿಯ ನೆನಪಾಯಿತು.

ಒಂದು ವಾರ ನನ್ನನ್ನು ಗೋಳುಹೊಯ್ದುಕೊಂಡದ್ದು ಎರಡು ವಿಷಯ. ಕೆಮ್‌ಸ್ಕೆಚ್‌ನಲ್ಲಿ ಸ್ಟ್ರಕ್ಚರ್, ಡ್ರಾ ಎಂದು ಎರಡು ಮೋಡ್ ಇವೆ. ಅಣು ಕಟ್ಟುವುದು ಮೊದಲನೆಯದರಲ್ಲಿ, ಚಿತ್ರದ ಕೆಳಗೆ ಬರಹ ಸೇರಿಸುವುದು ಎರಡನೆಯದರಲ್ಲಿ. ಇದು ಗೊತ್ತಿಲ್ಲದೆ ಬರಹದ ಗುಂಡಿ ಎಲ್ಲಿ ಹೋಯಿತೆಂದು ಎರಡು ಸಂಜೆ ಹುಡುಕಿದ್ದೇನೆ.

ಇನ್ನೊಂದು, ಶಾಲೆಯ ಮೇಷ್ಟರಿಗೆ ಮಾತ್ರ ಅರ್ಥವಾಗುವ ಕಷ್ಟ. ಸಾಫ್ಟ್‌ವೇರ್ ಕಾರ್ಬನ್ ಸರಪಳಿಯನ್ನು 120 ಡಿಗ್ರಿ ಕೋನದಲ್ಲಿ ಹಾವಿನ ನಡಿಗೆಯಂತೆ ಬರೆಯುತ್ತದೆ, ನಡುವಿನ ಕಾರ್ಬನ್‌ಗಳನ್ನು ಮುಚ್ಚಿಡುತ್ತದೆ. ಸಂಶೋಧಕರಿಗೆ ಅದೇ ಚೆಂದ. ನಮ್ಮ ಮಕ್ಕಳ ಪುಸ್ತಕದಲ್ಲಿ ಕಾರ್ಬನ್‌ಗಳು ನೇರ ಸಾಲಿನಲ್ಲಿ ನಿಂತಿರುತ್ತವೆ, ಪ್ರತಿ ಹೈಡ್ರೋಜನ್ ಮೇಲೆ ಕೆಳಗೆ ಎದ್ದು ಕಾಣಬೇಕು. ಟೂಲ್ಸ್ ಮೆನುವಿನಲ್ಲಿ ಆ್ಯಡ್ ಎಕ್ಸ್‌ಪ್ಲಿಸಿಟ್ ಹೈಡ್ರೋಜನ್ಸ್ ಒತ್ತಿದರೆ ಹೈಡ್ರೋಜನ್‌ಗಳೇನೋ ಬರುತ್ತವೆ, ಆದರೆ ಜಾತ್ರೆಯ ಬಸ್ಸಿನಲ್ಲಿ ಜನ ನೇತಾಡಿದಂತೆ. ಕಾರ್ಬನ್‌ಗಳೂ ಕಾಣಲೆಂದು ಸ್ಟ್ರಕ್ಚರ್ ಪ್ರಾಪರ್ಟೀಸ್‌ನಲ್ಲಿ ಷೋ ಕಾರ್ಬನ್ಸ್ ಎಂಬಲ್ಲಿ "ಆಲ್" ಆರಿಸಬೇಕು. ಕೊನೆಗೆ ನಾನು ಮಾಡಿದ್ದು ಇಷ್ಟು: ಮೀಥೇನ್‌ನಿಂದ ಹೆಕ್ಸೇನ್‌ವರೆಗೆ ನೇರ ಸಾಲಿನ ರಚನೆಗಳನ್ನು ಒಂದು ಭಾನುವಾರ ಕೂತು ಕೈಯಾರೆ ಜೋಡಿಸಿ, ಒಂದು ಕಡತದಲ್ಲಿ ಉಳಿಸಿಕೊಂಡೆ. ಈಗ ಯಾವುದು ಬೇಕಾದರೂ ಅಲ್ಲಿಂದ ಕಾಪಿ. ಆ ಕಡತದಲ್ಲಿ ಮಾತ್ರ ರಚನೆಯನ್ನು ತಾನೇ ಓರಣ ಮಾಡುವ ಕ್ಲೀನ್ ಸ್ಟ್ರಕ್ಚರ್ ಗುಂಡಿ ಮುಟ್ಟಬಾರದು, ಮುಟ್ಟಿದರೆ ಮತ್ತೆ ಹಾವು.

ವರ್ಡ್‌ಗೆ ತಂದ ಮೇಲೆ ಮೂಲೆ ಹಿಡಿದು ಎಳೆಯಬೇಡಿ. ನಾನು ಎಳೆದೆ. ಬ್ಯುಟೇನ್‌ನ ಅಕ್ಷರ ದೊಡ್ಡದು, ಬೆಂಜೀನ್‌ನ ಅಕ್ಷರ ಚಿಕ್ಕದು, ಪುಟ ಮದುವೆ ಆಲ್ಬಂನಂತೆ ಕಂಡಿತು. ಗಾತ್ರ ಬದಲಿಸಬೇಕಿದ್ದರೆ ಸಾಫ್ಟ್‌ವೇರ್ ಒಳಗೇ ಬಂಧದ ಉದ್ದ ಬದಲಿಸಬೇಕು. ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಗಳ ಅಳತೆ ಎಂದು ನನ್ನ ಶಿಷ್ಯ ಹೇಳಿಕೊಟ್ಟದ್ದು ಬಂಧಕ್ಕೆ 0.508 ಸೆಂಟಿಮೀಟರ್, ಗೆರೆಗೆ 0.6 ಪಾಯಿಂಟ್, ಅಕ್ಷರಕ್ಕೆ 10 ಪಾಯಿಂಟ್. ನಮ್ಮೂರ ಜೆರಾಕ್ಸ್ ಮಷಿನ್ ಮುಂದೆ 0.6ರ ಗೆರೆ ನಿಲ್ಲಲಿಲ್ಲ, ಅಲ್ಲಲ್ಲಿ ಬಂಧ ಮುರಿದು ಬಂತು. ನಾನು ಗೆರೆಯನ್ನು 1 ಪಾಯಿಂಟ್‌ಗೆ, ಬಂಧವನ್ನು ಇನ್ನಷ್ಟು ಉದ್ದಕ್ಕೆ ಏರಿಸಿಕೊಂಡೆ. ಡಿಟಿಪಿ ಅಂಗಡಿಗೆ ಈಗ ಪಿಡಿಎಫ್ ಮಾತ್ರ ಕೊಡುತ್ತೇನೆ. ಸೆಲೆಕ್ಟ್ ಆಲ್ ಮಾಡಿ ಫಾಂಟ್ ಬದಲಿಸುವುದು ಅಲ್ಲಿ ಅಷ್ಟು ಸುಲಭವಲ್ಲ.

ಹೆಸರಿನ ವಿಷಯದಲ್ಲಿ ಸ್ವಲ್ಪ ಎಚ್ಚರ. ಬರೆದ ರಚನೆಗೆ ಕೆಮ್‌ಸ್ಕೆಚ್ ತಾನೇ ಐಯುಪಿಎಸಿ (ರಾಸಾಯನಿಕಗಳ ಹೆಸರಿಗೆ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದ ಹೆಸರು ಕೊಡುತ್ತದೆ. ಎಥನೋಯಿಕ್ ಆಮ್ಲ ಬರೆದು ಕೇಳಿದರೆ ಅಸಿಟಿಕ್ ಆಸಿಡ್ ಎಂದಿತು. ತಪ್ಪೇನಲ್ಲ, ಐಯುಪಿಎಸಿಯ 2013ರ ಶಿಫಾರಸಿನಲ್ಲಿ ಅಸಿಟಿಕ್ ಆಸಿಡ್ಡೇ ಮೊದಲ ಆಯ್ಕೆ. ಆದರೆ ನಮ್ಮ ಪಠ್ಯಪುಸ್ತಕದಲ್ಲಿ ಇರುವುದು ಎಥನೋಯಿಕ್ ಆಮ್ಲ, ಉತ್ತರಪತ್ರಿಕೆ ತಿದ್ದುವವರು ನೋಡುವುದೂ ಅದನ್ನೇ. ಎಲೆಕ್ಟ್ರಾನ್‌ಗಳನ್ನು ಚುಕ್ಕಿಗಳಾಗಿ ತೋರಿಸುವ ಎಲೆಕ್ಟ್ರಾನ್ ಚುಕ್ಕಿ ರಚನೆಗಳನ್ನಂತೂ ನಾನು ಈಗಲೂ ಕೈಯಲ್ಲೇ ಬರೆದು ಸ್ಕ್ಯಾನ್ ಮಾಡುತ್ತೇನೆ. ಚುಕ್ಕಿ ಚುಕ್ಕಿ ಹೊಂದಿಸುತ್ತ ಕೂರುವಷ್ಟು ಸಹನೆ ನನಗಿಲ್ಲ.

ಕೆಚರ್‌ನಲ್ಲಿ ಇನ್ನೊಂದು ಮಜಾ ಇದೆ. ಅಣುವನ್ನು ಒಂದು ಸಾಲಿನ ಅಕ್ಷರಗಳಲ್ಲಿ ಬರೆಯುವ ಸ್ಮೈಲ್ಸ್ ಎಂಬ ಪದ್ಧತಿಯನ್ನು ಡೇವಿಡ್ ವೈನಿಂಗರ್ 1980ರ ದಶಕದಲ್ಲಿ ರೂಪಿಸಿದರು, ಆ ಸಾಲನ್ನು ಕೊಟ್ಟರೆ ಕೆಚರ್ ಚಿತ್ರ ಬರೆದುಕೊಡುತ್ತದೆ. ನಾಲ್ಕು ಸಿ ಸಾಲಾಗಿ ಹೊಡೆದರೆ ಬ್ಯುಟೇನ್. ಮೂರನೆಯ ಸಿ ಸುತ್ತ ಆವರಣ ಹಾಕಿದರೆ ಅದೊಂದು ಕವಲಾಗಿ ಐಸೋಬ್ಯುಟೇನ್. ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರ ಮಸುಕಾಗಬಹುದು, ಈ ಸಾಲು ಮಸುಕಾಗುವುದಿಲ್ಲ.

ಹೋದ ತಿಂಗಳು ಪ್ರೊಜೆಕ್ಟರ್ ಹಾಕಿ ಸಮಾಂಗಿಗಳ, ಅಂದರೆ ಸೂತ್ರ ಒಂದೇ ಆದರೂ ರಚನೆ ಬೇರೆಯಾದ ಅಣುಗಳ ಪಾಠ ಮಾಡಿದೆ. ಬ್ಯುಟೇನ್‌ಗೆ ಎರಡೇ ಎಂದರೆ ಒಬ್ಬ ಹುಡುಗ ಒಪ್ಪಲಿಲ್ಲ. ಬೋರ್ಡಿಗೆ ಬಂದು ಸರಪಳಿಯ ಕೊನೆಯ ಕಾರ್ಬನ್ ಅನ್ನು ಕೆಳಗೆ ಮಡಚಿ "ಇದು ಮೂರನೇದು ಮಿಸ್" ಎಂದ. ಪ್ರತಿ ವರ್ಷ ಒಬ್ಬರಾದರೂ ಹೀಗೆ ಹೇಳುತ್ತಾರೆ, ನಾನು ಸೀಮೆಸುಣ್ಣ ಹಿಡಿದು ವಾದಿಸುತ್ತೇನೆ. ಈ ಸಲ ಅವನ ಕೈಗೇ ಮೌಸ್ ಕೊಟ್ಟೆ. ಅವನು ಮಡಚಿದ್ದನ್ನೇ ಬರೆದು ಹೆಸರು ಕೇಳಿದ. ಬ್ಯುಟೇನ್. ಕವಲೊಡೆದದ್ದನ್ನು ಬರೆದ. 2-ಮೀಥೈಲ್ ಪ್ರೊಪೇನ್. ಮತ್ತೆ ಮಡಚಿದ್ದಕ್ಕೆ ಹೋಗಿ ಇನ್ನೊಂದು ಕಡೆ ತಿರುಗಿಸಿ ಕೇಳಿದ. ಅದೇ ಬ್ಯುಟೇನ್.

ಮರುದಿನ ಅವನು, ನನ್ನ ಐದು ಬಂಧದ ತಪ್ಪು ಹಿಡಿದಿದ್ದ ಹುಡುಗಿ ಇಬ್ಬರೂ ಸೇರಿ ಹೆಕ್ಸೇನ್‌ಗೆ ಏಳು ರಚನೆ ಬರೆದುಕೊಂಡು ಬಂದರು. ಊಟದ ಬಿಡುವಿನಲ್ಲಿ ಒಂದೊಂದಾಗಿ ಕೆಮ್‌ಸ್ಕೆಚ್‌ಗೆ ಹಾಕಿದರು. ಅವರು 2-ಈಥೈಲ್ ಬ್ಯುಟೇನ್ ಎಂದು ಹೆಸರಿಟ್ಟಿದ್ದಕ್ಕೆ ಅದು 3-ಮೀಥೈಲ್ ಪೆಂಟೇನ್ ಎಂದಿತು, 4-ಮೀಥೈಲ್ ಎಂದು ಬರೆದದ್ದಕ್ಕೆ 2-ಮೀಥೈಲ್ ಪೆಂಟೇನ್ ಎಂದಿತು. ಎರಡೂ ಮೊದಲೇ ಪಟ್ಟಿಯಲ್ಲಿದ್ದವು. ಹುಡುಗಿ ಎರಡನ್ನೂ ಹೊಡೆದು ಹಾಕಿ, ಕೆಳಗೆ 5 ಎಂದು ಬರೆದು ಸುತ್ತು ಹಾಕಿದಳು.