ಥಾಯ್ಲೆಂಡಿನ ಘಾಟಿ ರಸ್ತೆಗೆ ನಾನು ಬೈಕ್ ಆರಿಸಿದ ಬಗೆ

ನನ್ನ ಎತ್ತರ ಐದಡಿ ಐದಿಂಚು. ವಯಸ್ಸು 47. ಸೊಂಟದಲ್ಲಿ ಹಳೆಯ ಡಿಸ್ಕ್ ನೋವಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಬೈಕ್ ಆರಿಸುವಾಗ ಎಂಜಿನ್ ಸಿಸಿಗಿಂತ ಇವೇ ಜಾಸ್ತಿ ಲೆಕ್ಕಕ್ಕೆ ಬಂದವು.

ನಾನೂ ನನ್ನ ಹೆಂಡತಿಯೂ ಉತ್ತರ ಥಾಯ್ಲೆಂಡಿಗೆ ಎರಡು ಸಲ ಹೋಗಿದ್ದೇವೆ. ಎರಡೂ ಸಲ ಮೇ ಹಾಂಗ್ ಸಾನ್ ಲೂಪ್‌ಗಾಗಿಯೇ. ಚಿಯಾಂಗ್ ಮಾಯ್‌ನಿಂದ ಹೊರಟು ಪಾಯ್, ಮೇ ಹಾಂಗ್ ಸಾನ್, ಮೇ ಸರಿಯಾಂಗ್ ಊರುಗಳನ್ನು ಮುಟ್ಟಿ ಮತ್ತೆ ಚಿಯಾಂಗ್ ಮಾಯ್‌ಗೆ ಬರುವ ಸುತ್ತು ಇದು. ಸುಮಾರು 600 ಕಿ.ಮೀ. ದಾರಿಯಲ್ಲಿ 1,864 ತಿರುವುಗಳಿವೆ ಎಂದು ಅಲ್ಲಿಯವರು ಟೀ-ಶರ್ಟ್ ಮೇಲೆ ಅಚ್ಚು ಹಾಕಿಸಿ ಮಾರುತ್ತಾರೆ. ಚಿಯಾಂಗ್ ಮಾಯ್‌ನಿಂದ ಪಾಯ್‌ವರೆಗಿನ ಸುಮಾರು 130 ಕಿ.ಮೀ.ನಲ್ಲೇ 762 ತಿರುವು. ಬೆಳಗ್ಗೆಯಿಂದ ಸಂಜೆವರೆಗೆ ಚಾರ್ಮಾಡಿ ಹತ್ತಿ ಇಳಿಯುತ್ತಲೇ ಇದ್ದರೆ ಹೇಗಿರುತ್ತದೋ ಹಾಗೆ.

ಮೊದಲ ಸಲ ನಾನು 125 ಸಿಸಿ ಸ್ಕೂಟರ್ ತಗೊಂಡೆ. ಬಾಡಿಗೆ ಕಡಿಮೆ, ಗೇರ್ ಇಲ್ಲ, ಎಲ್ಲರೂ ಅದನ್ನೇ ಓಡಿಸುತ್ತಿದ್ದರು. ಇಬ್ಬರು, ಮೇಲೆ ಎರಡು ಬ್ಯಾಗು. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುವಿದರೂ ವೇಗ 30ರ ಮೇಲೆ ಹೋಗುತ್ತಿರಲಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇರಬೇಕು. ಹಿಡಿದೂ ಹಿಡಿದೂ ಬ್ರೇಕ್ ಸುಟ್ಟ ವಾಸನೆ ಬಂತು, ಹಿಡಿತ ಸಡಿಲವಾಯಿತು. ಹೆದರಿ ನಿಲ್ಲಿಸಿದೆವು. ಮೂರು ಗಂಟೆಯ ದಾರಿಗೆ ಐದೂವರೆ ಗಂಟೆ ಹಿಡಿಯಿತು. ಪಾಯ್ ತಲುಪಿದಾಗ ಗಾಡಿಯಿಂದ ಇಳಿದ ನನಗೆ ಬೆನ್ನು ನೆಟ್ಟಗೆ ಮಾಡಲು ಆಗಲಿಲ್ಲ. ಎರಡು ದಿನ ಮಲಗಿದೆ. ಮುಂದೆ ಹೋಗದೆ ವಾಪಸ್ ಬಂದೆವು. ಆ ಬೇಸರ ತುಂಬಾ ದಿನ ಕಾಡಿತು.

ಎರಡನೇ ಸಲ ಹೋಗಿದ್ದು ಡಿಸೆಂಬರ್‌ನಲ್ಲಿ. ಈ ಸಲ ಬೈಕ್ ಆರಿಸುವುದಕ್ಕೆಂದೇ ಮೂರು ದಿನ ಇಟ್ಟುಕೊಂಡೆ. ಅಂಗಡಿಯಲ್ಲಿ ಐದು ನಿಮಿಷ ಕೂತರೆ ಎಲ್ಲ ಸೀಟೂ ಮೆತ್ತಗೇ ಇರುತ್ತದೆ. ನಿಜ ಗೊತ್ತಾಗುವುದು ಎರಡನೇ ಗಂಟೆ ಶುರುವಾದ ಮೇಲೆ. ಅದನ್ನು ಪರೀಕ್ಷೆ ಮಾಡಲು ಚಿಯಾಂಗ್ ಮಾಯ್ ಪಕ್ಕದಲ್ಲೇ ಒಳ್ಳೆಯ ದಾರಿ ಇದೆ. ಮೇ ರಿಮ್ ಕಡೆಯಿಂದ 1096 ರಸ್ತೆ ಹಿಡಿದು ಸಮೇಂಗ್ ಮುಟ್ಟಿ, 1269 ರಸ್ತೆಯಲ್ಲಿ ಹಾಂಗ್ ಡಾಂಗ್ ಕಡೆ ಇಳಿಯುವುದು. ಸುಮಾರು 100 ಕಿ.ಮೀ. ಏರು, ಇಳಿಜಾರು, ಹೇರ್‌ಪಿನ್ ತಿರುವು, ಊರೊಳಗಿನ ಟ್ರಾಫಿಕ್ಕು, ಎಲ್ಲವೂ ಅದರಲ್ಲೇ ಸಿಗುತ್ತದೆ. ದಿನಕ್ಕೊಂದು ಬೈಕ್ ಬಾಡಿಗೆಗೆ ತಗೊಂಡು ಅದೇ ದಾರಿ ಸುತ್ತಿದೆವು. ಗಂಟೆಗೊಮ್ಮೆ ನಿಲ್ಲಿಸಿ ಎಲ್ಲಿ ನೋವು ಅಂತ ಇಬ್ಬರೂ ಫೋನ್‌ನಲ್ಲಿ ಬರೆದುಕೊಳ್ಳುತ್ತಿದ್ದೆವು.

ಮೊದಲ ದಿನ ಹೋಂಡಾ ಫೋರ್ಜಾ 350. ದೊಡ್ಡ ಸ್ಕೂಟರ್, ಒಳ್ಳೆಯ ಶಕ್ತಿ. ಏರಿನಲ್ಲಿ ಒದ್ದಾಟವೇ ಇಲ್ಲ. ಹೆಂಡತಿಗೆ ತುಂಬಾ ಹಿಡಿಸಿತು, ಹಿಂದಿನ ಸೀಟು ಸೋಫಾದಷ್ಟು ಅಗಲ. ಆದರೆ ನನ್ನ ಸೊಂಟಕ್ಕೆ ಆ ಕೂರುವ ಭಂಗಿ ಹೊಂದಲಿಲ್ಲ. ಸ್ಕೂಟರಿನಲ್ಲಿ ಕಾಲು ಮುಂದಕ್ಕೆ ಚಾಚಿರುತ್ತದೆ. ಹಾಗಾಗಿ ಮೈಭಾರ ಪೂರ್ತಿ ಕುಂಡಿಯ ಮೇಲೆ, ಬೆನ್ನಿನ ಬುಡದ ಮೇಲೆ ಬೀಳುತ್ತದೆ. ಮುಂದೆ ಗುಂಡಿ ಕಂಡರೆ ಕಾಲಿನ ಮೇಲೆ ಸ್ವಲ್ಪ ಎದ್ದು ಏಟು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸಣ್ಣ ಚಕ್ರ ಆಗಿದ್ದರಿಂದ ಆ ಏಟು ನೇರ ಬೆನ್ನಿಗೆ ಬರುತ್ತದೆ. ಇನ್ನೊಂದು ವಿಷಯವೂ ಅವತ್ತೇ ಗೊತ್ತಾಯಿತು. ಅದರ ಸೀಟಿನ ಎತ್ತರ 780 ಮಿ.ಮೀ. ಅಷ್ಟೇ. ಆದರೂ ಸೀಟು ಅಗಲ ಇರುವುದರಿಂದ ತೊಡೆ ಹರಡಿಕೊಂಡು, ಪಾದ ನೆಲಕ್ಕೆ ಪೂರ್ತಿ ಊರುತ್ತಿರಲಿಲ್ಲ. ಕಾಗದದ ಮೇಲಿನ ಎತ್ತರ ನೋಡಿ ಬೈಕ್ ಆರಿಸುವವರು ಇದನ್ನು ಗಮನಿಸಬೇಕು.

ಎರಡನೇ ದಿನ ಹೋಂಡಾದ್ದೇ ರೆಬೆಲ್ 500, ತಗ್ಗು ಸೀಟಿನ ಕ್ರೂಸರ್ ಬೈಕ್. ಸೀಟು ಬರೀ 690 ಮಿ.ಮೀ. ಎರಡೂ ಪಾದ ಚಪ್ಪಟೆಯಾಗಿ ನೆಲಕ್ಕೆ. ನನ್ನಂಥ ಕುಳ್ಳನೆಯವರಿಗೆ ಇದಕ್ಕಿಂತ ಧೈರ್ಯ ಕೊಡುವ ಬೈಕ್ ಇಲ್ಲ. ಒಬ್ಬನೇ ಹೋಗುವುದಿದ್ದರೆ ಅವತ್ತೇ ಅದನ್ನೇ ಹಿಡಿಯುತ್ತಿದ್ದೆನೇನೋ. ಆದರೆ ಇಬ್ಬರು ಕೂತು ಲಗೇಜ್ ಕಟ್ಟುವುದಕ್ಕೆ ಮಾಡಿದ ಗಾಡಿ ಅದಲ್ಲ. ಹೆಂಡತಿ ಸಮೇಂಗ್ ತಲುಪುವ ಮೊದಲೇ ಎರಡು ಸಲ ಭುಜ ತಟ್ಟಿ ನಿಲ್ಲಿಸಿದಳು.

ಮೂರನೇ ದಿನ ಹೋಂಡಾದ್ದೇ ಸಿಬಿ500ಎಕ್ಸ್. ಈಗ ಅದರ ಜಾಗಕ್ಕೆ ಎನ್‌ಎಕ್ಸ್500 ಬಂದಿದೆ, ಆದರೆ ಮೈಕಟ್ಟು ಹೆಚ್ಚುಕಡಿಮೆ ಅದೇ. ಎಂಜಿನ್ ರೆಬೆಲ್‌ನಲ್ಲಿರುವ ಅದೇ 471 ಸಿಸಿ, ಎರಡು ಸಿಲಿಂಡರ್. ಕೂರುವ ರೀತಿ ಮಾತ್ರ ಪೂರ್ತಿ ಬೇರೆ. ಬೆನ್ನು ನೆಟ್ಟಗೆ, ಮೊಣಕೈ ಸ್ವಲ್ಪ ಮಡಚಿ, ಪಾದ ಸರಿಯಾಗಿ ಮೈ ಕೆಳಗೆ. ಗುಂಡಿ ಬಂದರೆ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಎರಡು ಇಂಚು ಎದ್ದರೆ ಸಾಕು. ಮುಂದಿನ ಚಕ್ರ 19 ಇಂಚಿನದ್ದು, ಕಿತ್ತ ಡಾಂಬರನ್ನು ಸಲೀಸಾಗಿ ದಾಟುತ್ತದೆ. ಇಳಿಜಾರಿನಲ್ಲಿ ಎರಡನೇ ಗೇರ್ ಹಾಕಿದರೆ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ, ಬ್ರೇಕ್ ಆಗಾಗ ಮುಟ್ಟಿದರೆ ಆಯಿತು. ಹಿಂದಿನ ಸಲ ಬ್ರೇಕ್ ವಾಸನೆ ಬಂದಿತ್ತಲ್ಲ, ಅಂಥದ್ದೇ ಇಳಿಜಾರನ್ನು ಯಾವ ಭಯವೂ ಇಲ್ಲದೆ ಇಳಿದೆ. ಮೂರು ಗಂಟೆ ಆದ ಮೇಲೂ ಫೋನ್‌ನಲ್ಲಿ ನಾನು ಬರೆದಿದ್ದು "ಸೊಂಟ ಸರಿ ಇದೆ" ಅಂತ.

ತೊಂದರೆ ಎರಡಿತ್ತು. ಸೀಟು 830 ಮಿ.ಮೀ. ಎತ್ತರ, ಗಾಡಿಯ ತೂಕ ಸುಮಾರು 200 ಕೆ.ಜಿ. ಎರಡೂ ಕಾಲಿನ ತುದಿಬೆರಳಷ್ಟೇ ನೆಲಕ್ಕೆ ತಾಗುತ್ತಿತ್ತು. ಇನ್ನೊಂದು, ಹೆಂಡತಿಯ ಮಾತು: "ರೀ, ನಂಗೆ ಮೊದಲನೇ ದಿನದ ಸ್ಕೂಟರೇ ಆಗಬಹುದಿತ್ತು."

ಅವಳ ಮಾತು ಬದಿಗೆ ಸರಿಸುವಂಥದ್ದಲ್ಲ. ಹಿಂದೆ ಕೂತವರಿಗೆ ತಿರುವು ಯಾವಾಗ ಬರುತ್ತದೆ, ಬ್ರೇಕ್ ಯಾವಾಗ ಬೀಳುತ್ತದೆ ಎಂದು ಗೊತ್ತಾಗುವುದಿಲ್ಲ. ಸುಮ್ನೆ ಮೈ ಬಿಗಿ ಹಿಡಿದು ಕೂತಿರುತ್ತಾರೆ. ದಿನದ ಕೊನೆಗೆ ಓಡಿಸಿದವರಿಗಿಂತ ಅವರಿಗೇ ಜಾಸ್ತಿ ಸುಸ್ತು. ಕೇಳಿದಾಗ ಅವಳ ಕಷ್ಟ ಸೀಟಿನದ್ದಲ್ಲ, ಬೆನ್ನಿಗೆ ಆಸರೆ ಇಲ್ಲದ್ದು ಎಂದು ಗೊತ್ತಾಯಿತು. ಅಂಗಡಿಯ ಹುಡುಗನಿಗೆ ಕೈಸನ್ನೆಯಲ್ಲಿ ಹೇಳಿದೆ. ಅವನು ಬೇರೊಂದು ಸಿಬಿ500ಎಕ್ಸ್ ತಂದ. ಅದರ ಹಿಂದೆ ಲಗೇಜ್ ಡಬ್ಬಿ ಇತ್ತು, ಡಬ್ಬಿಗೆ ಒರಗುದಿಂಬೂ ಇತ್ತು. ಅವಳು ಹತ್ತಿ ಕೂತು ಒರಗಿ ನೋಡಿದಳು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಎತ್ತರದ ವಿಷಯಕ್ಕೆ ನಾನೇ ಅಭ್ಯಾಸ ಮಾಡಿಕೊಂಡೆ. ಎರಡೂ ಕಾಲಿನ ತುದಿ ಊರಲು ಒದ್ದಾಡುವುದು ಬಿಟ್ಟೆ. ನಿಲ್ಲುವಾಗ ಸೀಟಿನಲ್ಲಿ ಎಡಕ್ಕೆ ಸ್ವಲ್ಪ ಜಾರಿ, ಎಡಗಾಲನ್ನು ಪೂರ್ತಿ ಊರಿ, ಬಲಗಾಲನ್ನು ಹಿಂದಿನ ಬ್ರೇಕ್ ಮೇಲೇ ಇಡುತ್ತೇನೆ. ಖಾಲಿ ಜಾಗದಲ್ಲಿ ಮೂವತ್ತು ಸಲ ನಿಲ್ಲಿಸಿ ಹೊರಟೆ. ಹೆಂಡತಿ ಹತ್ತುವುದು, ಇಳಿಯುವುದು ನಾನು "ಹ್ಞೂಂ" ಅಂದ ಮೇಲೆ ಮಾತ್ರ. ರಸ್ತೆ ವಾಲಿರುವ ಕಡೆ, ಜಲ್ಲಿ ಇರುವ ಕಡೆ ನಿಲ್ಲಿಸುವುದೇ ಇಲ್ಲ. ನೋಟ ಎಷ್ಟೇ ಚೆನ್ನಾಗಿದ್ದರೂ ಸಮತಟ್ಟು ಜಾಗ ಸಿಗುವವರೆಗೆ ಮುಂದೆ ಹೋಗುತ್ತೇನೆ.

ಹೊರಡುವ ಮುಂಚೆ ಅಂಗಡಿಯಲ್ಲೇ ಅರ್ಧ ಗಂಟೆ ಕೂತು ಬೈಕನ್ನು ನಮ್ಮ ಮೈಗೆ ಹೊಂದಿಸಿಕೊಂಡೆವು. ಬಹಳ ಜನ ಇದನ್ನು ಮಾಡುವುದಿಲ್ಲ, ಆದರೆ ಇದರಿಂದ ಆಗುವ ವ್ಯತ್ಯಾಸ ದೊಡ್ಡದು. ಮುಂದಿನ ಬ್ರೇಕ್ ಲಿವರನ್ನು ನನ್ನ ಬೆರಳಿಗೆ ಹತ್ತಿರ ಮಾಡಿಸಿದೆ. ಇಬ್ಬರ ಭಾರಕ್ಕೆ ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿಸಿದೆ. ಇಲ್ಲದಿದ್ದರೆ ಹಿಂಭಾಗ ಕುಸಿದು ತಿರುವಿನಲ್ಲಿ ಗಾಡಿ ಹೊರಗಿನ ಅಂಚಿನ ಕಡೆಗೆ ಎಳೆಯುತ್ತದೆ. ಹ್ಯಾಂಡಲನ್ನು ಒಂದಿಷ್ಟು ನನ್ನ ಕಡೆ ತಿರುಗಿಸಿಕೊಂಡೆ, ಮಣಿಕಟ್ಟಿನ ಜೋಮು ಹೋಯಿತು. ಟಯರ್ ನೋಡಿದೆವು, ಎಲ್ಲ ಕಡೆಯಿಂದ ಗಾಡಿಯ ವಿಡಿಯೋ ಮಾಡಿಕೊಂಡೆವು. ಅಡವಿಡಲು ಪಾಸ್‌ಪೋರ್ಟ್ ಕೊಡಲಿಲ್ಲ, ಹಣ ಕೊಟ್ಟು ರಸೀತಿ ತಗೊಂಡೆವು.

ಕಾಗದಪತ್ರದ ಬಗ್ಗೆ ಒಂದೇ ಮಾತು. ಊರು ಬಿಡುವ ಮೊದಲೇ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಅದರಲ್ಲಿ ಮೋಟಾರ್‌ಸೈಕಲ್ ವರ್ಗ ಇದೆಯೇ ನೋಡಿಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್‌ನ ಸಣ್ಣಕ್ಷರವನ್ನೂ ಓದಿ. ಬಹಳಷ್ಟು ಪಾಲಿಸಿಗಳಲ್ಲಿ ಇಷ್ಟು ಸಿಸಿ ಮೀರಿದ ಬೈಕಿಗೆ ಪರಿಹಾರ ಇಲ್ಲ ಎಂದು ಬರೆದಿರುತ್ತದೆ. ಆರಿಸಿದ ಬೈಕ್ ಎಷ್ಟು ಆರಾಮಾಗಿದ್ದರೂ ಆ ಸಾಲು ಅಡ್ಡ ಬಂದರೆ ಪ್ರಯೋಜನವಿಲ್ಲ.

ಬ್ಯಾಂಕಾಕಿನಿಂದಲೇ ಬೈಕ್ ಓಡಿಸಿಕೊಂಡು ಹೋಗುತ್ತೇವೆ ಎನ್ನುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ. ಅಲ್ಲಿ ಮೋಟರ್‌ವೇ ಮತ್ತು ಎಕ್ಸ್‌ಪ್ರೆಸ್‌ವೇಗಳಲ್ಲಿ ಬೈಕ್ ಬಿಡುವುದಿಲ್ಲ. ಉಳಿದ ಹೆದ್ದಾರಿಯಲ್ಲಿ ಲಾರಿಗಳ ನಡುವೆ 700 ಕಿ.ಮೀ. ಓಡಿಸಿ ಸುಸ್ತಾಗಿ ಬೆಟ್ಟ ತಲುಪುವುದು ಯಾಕೆ? ರಾತ್ರಿ ರೈಲಿಗೆ ಹತ್ತಿ ಮಲಗಿದರೆ ಬೆಳಗ್ಗೆ ಚಿಯಾಂಗ್ ಮಾಯ್.

ನಾಲ್ಕು ದಿನದಲ್ಲಿ ಲೂಪ್ ಮುಗಿಸಿದೆವು. ಪಾಯ್‌ನಿಂದ ಹೊರಟ ಬೆಳಗ್ಗೆ ಮಂಜು ಎಷ್ಟಿತ್ತೆಂದರೆ ಹೆಲ್ಮೆಟ್ ಗಾಜು ಒರೆಸುತ್ತಲೇ ಇದ್ದೆ. ಥಾಯ್ಲೆಂಡ್ ಅಂದರೆ ಬರೀ ಸೆಕೆ ಅಂದುಕೊಂಡು ಹೋದರೆ ಡಿಸೆಂಬರ್‌ನ ಬೆಟ್ಟದಲ್ಲಿ ನಡುಗಬೇಕಾಗುತ್ತದೆ. ಚಳಿಗೆ ಮೈ ಸೆಟೆದುಕೊಂಡರೆ ಮೊದಲು ಹಿಡಿದುಕೊಳ್ಳುವುದು ಸೊಂಟವನ್ನೇ, ಹಾಗಾಗಿ ಒಂದು ದಪ್ಪ ಜಾಕೆಟ್ ಇರಲೇಬೇಕು. ಫೆಬ್ರವರಿ ನಂತರ ಹೋದರೆ ಚಳಿ ಇರುವುದಿಲ್ಲ, ಆದರೆ ಹೊಲ, ಕಾಡು ಸುಡುವ ಹೊಗೆ ಏಪ್ರಿಲ್‌ವರೆಗೆ ಬೆಟ್ಟಗಳನ್ನೇ ಮುಚ್ಚಿಬಿಡುತ್ತದೆ.

ಪೆಟ್ರೋಲ್ ಚಿಂತೆ ಬರಲೇ ಇಲ್ಲ. 17 ಲೀಟರಿಗೂ ಹೆಚ್ಚು ಹಿಡಿಯುವ ಟ್ಯಾಂಕು. ಬಂಕಿನಲ್ಲಿ "ತೆಮ್ ತಂಗ್" ಅಂದರೆ ಟ್ಯಾಂಕ್ ತುಂಬಿಸುತ್ತಾರೆ. ಎರಡೇ ಸಲ ತುಂಬಿಸಿದೆವು. ಆದರೂ ನಾವು ಗಂಟೆಗೊಮ್ಮೆ ನಿಲ್ಲುವುದನ್ನು ಬಿಡಲಿಲ್ಲ. ನೋವು ಬಂದ ಮೇಲೆ ನಿಂತರೆ ಹತ್ತು ನಿಮಿಷದಲ್ಲಿ ಅದು ಹೋಗುವುದಿಲ್ಲ. ಬರುವ ಮುಂಚೆ ಇಳಿದು, ನಾಲ್ಕು ಹೆಜ್ಜೆ ನಡೆದು, ಒಂದು ಕಾಫಿ ಕುಡಿದರೆ ಮತ್ತೊಂದು ಗಂಟೆ ಸಲೀಸು.

ಕೊನೆಯ ದಿನವೇ ಎಲ್ಲಕ್ಕಿಂತ ಉದ್ದ. ಮೇ ಸರಿಯಾಂಗ್‌ನಿಂದ 108 ರಸ್ತೆ ಹಿಡಿದು ಹೊಟ್, ಚೋಮ್ ಥಾಂಗ್ ದಾಟಿ ಬರುವುದು, ಸುಮಾರು 190 ಕಿ.ಮೀ. ಸಂಜೆ ಚಿಯಾಂಗ್ ಮಾಯ್ ಕೋಟೆಯ ಹಳೆ ಅಗಳಿನ ಪಕ್ಕ ಬೈಕ್ ನಿಲ್ಲಿಸಿದೆ. ಇಳಿದೆ, ನೆಟ್ಟಗೆ ನಿಂತೆ. ಏನೂ ನೋವಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಮುಂದಿನ ಸಲ ಪೂರ್ವಕ್ಕಿರುವ ನಾನ್ ಪ್ರಾಂತ್ಯಕ್ಕೆ ಹೋಗುವ ಆಸೆ ಇದೆ. ಬೆಟ್ಟದ ನಡುವೆ ಉಪ್ಪುನೀರಿನ ಬಾವಿಗಳಿರುವ ಬೋ ಕ್ಲುವಾ ಕಡೆಯ 1081 ರಸ್ತೆಯನ್ನು ನೋಡಬೇಕು. ಹೆಂಡತಿ ಒಪ್ಪಿದ್ದಾಳೆ. ಅವಳು ಹಾಕಿರುವ ಷರತ್ತು ಒಂದೇ: ಹಿಂದಿನ ಡಬ್ಬಿಗೆ ಒರಗುದಿಂಬು ಇರುವ ಬೈಕೇ ಬೇಕು.