ತಾರೀಖು, ವಾರ, ತಿಥಿ: ಅಂಗಡಿ ಕಂಪ್ಯೂಟರಿನಲ್ಲಿ ಕ್ಯಾಲೆಂಡರ್ ಇಡುವ ಬಗೆ

ಹುಬ್ಬಳ್ಳಿಯ ಒಂದು ದಲಾಲಿ ಅಂಗಡಿಯಲ್ಲಿ ನೆನಪಿಡಬೇಕಾದ ದಿನಗಳು ಮೂರು ಥರ. ಜಿಎಸ್‌ಟಿ ತಾರೀಖಿಗೆ ಬರುತ್ತದೆ, ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ವಾರಕ್ಕೆ ಬರುತ್ತದೆ, ಅಮಾವಾಸ್ಯೆ ಪೂಜೆ ತಿಥಿಗೆ ಬರುತ್ತದೆ. ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಮೂರೂ ಜಗಳವಿಲ್ಲದೆ ಕೂರುತ್ತವೆ. ಕಂಪ್ಯೂಟರಿಗೆ ಮಾತ್ರ ಯಾವುದು ಯಾವುದಕ್ಕೆ ಬರುತ್ತದೆ ಎಂದು ಬಿಡಿಸಿ ಹೇಳಬೇಕು. ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲೇ. ಮುಂದಿನದೆಲ್ಲ ಬ್ರೌಸರಿನಲ್ಲಿ ತೆರೆಯುವ ಗೂಗಲ್ ಕ್ಯಾಲೆಂಡರಿನ ಲೆಕ್ಕ.

ಮೊದಲು ಬಲಗಡೆ ಮೇಲಿನ ಹಲ್ಲುಗಾಲಿ ಒತ್ತಿ ಸೆಟಿಂಗ್ಸ್‌ಗೆ ಹೋಗಿ, ಟೈಮ್ ಝೋನ್ +05:30, ಇಂಡಿಯಾ ಸ್ಟ್ಯಾಂಡರ್ಡ್ ಟೈಮ್ ಎಂದಿದೆಯೇ ನೋಡಿ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದವರು, ಹೊಸದಾಗಿ ವಿಂಡೋಸ್ ಹಾಕಿಸಿದವರು ಇದನ್ನು ಬಿಡಲೇಬಾರದು. ಅಲ್ಲೇ ಕೀಬೋರ್ಡ್ ಶಾರ್ಟ್‌ಕಟ್ಸ್ ಆನ್ ಮಾಡಿಕೊಳ್ಳಿ. ಸಿ ಒತ್ತಿದರೆ ಹೊಸ ಇವೆಂಟ್, ಟಿ ಒತ್ತಿದರೆ ಇವತ್ತಿನ ದಿನ, ಡಬ್ಲ್ಯೂ ವಾರ, ಎಂ ತಿಂಗಳು, ಜಿ ಒತ್ತಿದರೆ ಬೇಕಾದ ತಾರೀಖಿಗೆ ಜಿಗಿತ. ಮೌಸ್ ಹಿಡಿದು ತಡಕಾಡುವ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಎಡಗಡೆ ಅದರ್ ಕ್ಯಾಲೆಂಡರ್ಸ್ ಪಕ್ಕದ ಪ್ಲಸ್ ಒತ್ತಿ, ಕ್ರಿಯೇಟ್ ನ್ಯೂ ಕ್ಯಾಲೆಂಡರ್ ಮೂಲಕ ತೆರಿಗೆಗೆ ಒಂದು, ಮಾರ್ಕೆಟ್ಟಿಗೆ ಒಂದು, ಪೂಜೆ-ಹಬ್ಬಕ್ಕೆ ಒಂದು ಕ್ಯಾಲೆಂಡರ್ ಮಾಡಿ. ಈ ಕೆಲಸವನ್ನು ಕಂಪ್ಯೂಟರಿನಲ್ಲೇ ಮಾಡಿ. ಎಲ್ಲವನ್ನೂ ಒಂದರಲ್ಲೇ ತುಂಬಿದರೆ ಏನಾಗುತ್ತದೆ ಎಂಬುದು ತಿಥಿಯ ಭಾಗಕ್ಕೆ ಬಂದಾಗ ಗೊತ್ತಾಗುತ್ತದೆ.

ತಾರೀಖಿನವು

ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ಕ್ಕೆ, ತೆರಿಗೆ ಲೆಕ್ಕ ಕೊಟ್ಟು ಕಟ್ಟುವ 3ಬಿ 20ಕ್ಕೆ. ಇವೆಂಟ್ ತೆರೆದು, ಆಲ್ ಡೇ ಟಿಕ್ ಮಾಡಿ, ಡಸ್ ನಾಟ್ ರಿಪೀಟ್ ಎಂದಿರುವಲ್ಲಿ ಕಸ್ಟಮ್ ಆರಿಸಿ, ತಿಂಗಳಿಗೊಮ್ಮೆ, 20ನೇ ತಾರೀಖು ಎಂದು ಕೊಡಿ. ನೋಟಿಫಿಕೇಶನ್ ಎರಡು ಇಡಿ: ಐದು ದಿನ ಮೊದಲು ಬೆಳಿಗ್ಗೆ 10ಕ್ಕೆ ಒಂದು, ಹಿಂದಿನ ದಿನ ಒಂದು. ಕೊನೆಯ ದಿನ ಬೆಳಿಗ್ಗೆ ಬರುವ ನೆನಪು ನೆನಪಲ್ಲ, ಗಾಬರಿ. ಒಂದು ಇವೆಂಟಿಗೆ ಐದು ನೋಟಿಫಿಕೇಶನ್ ತನಕ, ನಾಲ್ಕು ವಾರ ಮೊದಲಿನ ತನಕ ಇಡಬಹುದು.

ಬಾಡಿಗೆ, ಪಗಾರದಂಥ ತಿಂಗಳ ಕೊನೆಯ ಕೆಲಸಗಳನ್ನು 31ಕ್ಕೆ ಹಾಕಬೇಡಿ. 31 ಇಲ್ಲದ ಐದು ತಿಂಗಳನ್ನು ಕ್ಯಾಲೆಂಡರ್ ತೆಪ್ಪಗೆ ದಾಟಿಕೊಂಡು ಹೋಗುತ್ತದೆ, 30ಕ್ಕೆ ತಂದು ಕೂರಿಸುವುದಿಲ್ಲ. 30ಕ್ಕೆ ಹಾಕಿದರೆ ಫೆಬ್ರವರಿ ಹೋಯಿತು. ಇವೆಂಟನ್ನು 1ನೇ ತಾರೀಖಿಗೆ ಹಾಕಿ, ಹಿಂದಿನ ದಿನದ ನೋಟಿಫಿಕೇಶನ್ ಇಟ್ಟರೆ ಯಾವ ತಿಂಗಳೂ ತಪ್ಪುವುದಿಲ್ಲ.

ವಾರದವು

ಬ್ಯಾಡಗಿ ಮಾರ್ಕೆಟ್ ಸೋಮವಾರ, ಗುರುವಾರ. ಕಸ್ಟಮ್‌ನಲ್ಲಿ ವೀಕ್ ಆರಿಸಿ, ಆ ಎರಡು ವಾರದ ಗುಂಡಿಗಳನ್ನೂ ಒತ್ತಿ. ಕೆಳಗೆ ಎಂಡ್ಸ್ ಎಂಬಲ್ಲಿ ಹಂಗಾಮು ಮುಗಿಯುವ ತಾರೀಖು ಕೊಡಿ. ನೆವರ್ ಎಂದು ಬಿಟ್ಟರೆ ಮಳೆಗಾಲದಲ್ಲೂ ಮೊಬೈಲ್ ಮೆಣಸಿನಕಾಯಿ ಎನ್ನುತ್ತಿರುತ್ತದೆ.

ಬ್ಯಾಂಕಿನ ಶನಿವಾರಗಳಲ್ಲಿ ಒಂದು ಸಣ್ಣ ಗುಂಡಿ ಇದೆ, ಕಾಲು ಹಾಕಬೇಡಿ. 2015ರ ಸೆಪ್ಟೆಂಬರ್ 1ರಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕ್ ರಜೆ. ನಾಲ್ಕನೇ ಶನಿವಾರದ ಮೇಲೆ ಇವೆಂಟ್ ಮಾಡುವಾಗ ಕೆಲವೊಮ್ಮೆ ಪಟ್ಟಿಯಲ್ಲಿ ಎರಡು ಆಯ್ಕೆ ಕಾಣುತ್ತವೆ: ಮಂತ್ಲಿ ಆನ್ ದ ಫೋರ್ತ್ ಸ್ಯಾಟರ್ಡೆ, ಮಂತ್ಲಿ ಆನ್ ದ ಲಾಸ್ಟ್ ಸ್ಯಾಟರ್ಡೆ. ಆ ತಿಂಗಳ ಮಟ್ಟಿಗೆ ಎರಡೂ ಒಂದೇ. ಆದರೆ 2026ರ ಮೇ ತಿಂಗಳಲ್ಲಿ ಐದು ಶನಿವಾರ ಇವೆ. ಲಾಸ್ಟ್ ಆರಿಸಿದವರ ಕ್ಯಾಲೆಂಡರ್ 30ಕ್ಕೆ ರಜೆ ತೋರಿಸುತ್ತದೆ, ನಿಜವಾದ ರಜೆ 23ಕ್ಕೆ. ಚೆಕ್ ಹಿಡಿದು ಹೋದವರು ಮುಚ್ಚಿದ ಶಟರ್ ನೋಡಿ ಬರಬೇಕು.

ಮರುಕಳಿಸುವ ಇವೆಂಟನ್ನು ಬದಲಿಸಿದರೆ ಅಥವಾ ಅಳಿಸಿದರೆ ಮೂರು ಆಯ್ಕೆ ಬರುತ್ತವೆ. ಇಲ್ಲಿ ಕೈ ತಡೆದು ಓದಿ. ಒಂದು ಸೋಮವಾರ ಹಬ್ಬಕ್ಕೆ ಮಾರ್ಕೆಟ್ ಇಲ್ಲವೆಂದರೆ ದಿಸ್ ಇವೆಂಟ್. ರಿಟರ್ನಿನ ಕೊನೆ ದಿನವನ್ನು ಸರ್ಕಾರ ಒಂದು ತಿಂಗಳ ಮಟ್ಟಿಗೆ ಮುಂದೂಡಿದರೂ ಅದೇ. ಗಾಡಿ ಹೊರಡುವ ಹೊತ್ತು ಇನ್ನು ಮೇಲೆ 7ರ ಬದಲು 6 ಎಂದಾದರೆ ದಿಸ್ ಆ್ಯಂಡ್ ಫಾಲೋಯಿಂಗ್ ಇವೆಂಟ್ಸ್. ಆಲ್ ಇವೆಂಟ್ಸ್ ಒತ್ತಿದರೆ ಕಳೆದ ತಿಂಗಳುಗಳದೂ ಬದಲಾಗುತ್ತದೆ. ಯಾವ ದಿನ ಎಷ್ಟು ಚೀಲ ಕಳಿಸಿದ್ದು ಎಂದು ಡಿಸ್ಕ್ರಿಪ್ಶನ್‌ನಲ್ಲಿ ಬರೆದಿಟ್ಟುಕೊಳ್ಳುವವರು ಅಳಿಸುವಾಗ ಆಲ್ ಇವೆಂಟ್ಸ್ ಒತ್ತಿದರೆ ಹಳೆಯ ಲೆಕ್ಕವೆಲ್ಲ ಒಟ್ಟಿಗೆ ಹೋಗುತ್ತದೆ. ಹೋಗಿದ್ದರೆ ತಕ್ಷಣ ಅನ್‌ಡೂ ಒತ್ತಿ. ತಡವಾಗಿದ್ದರೆ ಹಲ್ಲುಗಾಲಿಯ ಕೆಳಗಿನ ಟ್ರ್ಯಾಶ್‌ನಲ್ಲಿ, ಕೆಲವರಿಗೆ ಬಿನ್ ಎಂದು ಕಾಣುತ್ತದೆ, ಅಲ್ಲಿ 30 ದಿನ ಇರುತ್ತದೆ.

ತಿಥಿಯವು

ಅಮಾವಾಸ್ಯೆಗೆ ರಿಪೀಟ್ ಹಾಕಲು ಬರುವುದಿಲ್ಲ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. 30 ದಿನಕ್ಕೊಮ್ಮೆ ಎಂದು ಕೊಟ್ಟರೆ ವರ್ಷ ಮುಗಿಯುವ ಹೊತ್ತಿಗೆ ಐದಾರು ದಿನ ಜಾರಿರುತ್ತದೆ. ಹಬ್ಬಗಳಿಗೆ ಆ್ಯನುಯಲಿ ಕೊಡುವುದೂ ಅಷ್ಟೇ ದಂಡ: ಯುಗಾದಿ 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಹಾಗಾಗಿ ಪಂಚಾಂಗ ಎದುರಿಗಿಟ್ಟುಕೊಂಡು ವರ್ಷದ ತಾರೀಖುಗಳನ್ನು ಎಕ್ಸೆಲ್‌ನಲ್ಲಿ ಒಮ್ಮೆ ಬರೆದು, ಒಟ್ಟಿಗೆ ಇಂಪೋರ್ಟ್ ಮಾಡುವುದು ಸರಿಯಾದ ದಾರಿ. ಅರ್ಧ ತಾಸಿನ ಕೆಲಸ.

ಮೂರು ಕಾಲಂ ಸಾಕು: ಸಬ್ಜೆಕ್ಟ್ (Subject), ಸ್ಟಾರ್ಟ್ ಡೇಟ್ (Start Date), ಆಲ್ ಡೇ ಇವೆಂಟ್ (All Day Event). ಈ ಮೂರು ಶೀರ್ಷಿಕೆಗಳು ಮೊದಲ ಸಾಲಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಮೂರನೇ ಕಾಲಂನಲ್ಲಿ ಪ್ರತಿ ಸಾಲಿಗೂ ಟ್ರೂ (True) ಎಂದು, ಅದೂ ಇಂಗ್ಲಿಷಿನಲ್ಲೇ. ತಾರೀಖಿನಲ್ಲಿ ತಿಂಗಳು ಮೊದಲು, ದಿನ ಆಮೇಲೆ. 2026ರ ನಾಗರ ಅಮಾವಾಸ್ಯೆ ಆಗಸ್ಟ್ 12. ನಮ್ಮ ರೂಢಿಯಂತೆ 12/08/2026 ಎಂದು ಬರೆದರೆ ಅದು ಡಿಸೆಂಬರ್ 8ಕ್ಕೆ ಹೋಗಿ ಕೂರಬಹುದು. 08/12/2026 ಎಂದು ಬರೆಯಬೇಕು. ಎಕ್ಸೆಲ್ ತಾನಾಗಿ ತಿರುಗಿಸದಂತೆ ಮೊದಲು ಇಡೀ ಕಾಲಂ ಆರಿಸಿ, ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ಟೆಕ್ಸ್ಟ್ ಮಾಡಿ, ಆಮೇಲೆ ಟೈಪ್ ಮಾಡಿ.

ಸೇವ್ ಆ್ಯಸ್‌ನಲ್ಲಿ ಸಿಎಸ್‌ವಿ ಯುಟಿಎಫ್-8 ಎಂಬುದನ್ನೇ ಆರಿಸಿ. ಬರೀ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡ ಅಕ್ಷರದ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ. ಇನ್ನು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಹೇಗೆ ಉಳಿಸಿದರೂ ಅಷ್ಟೇ; ಎಕ್ಸೆಲ್‌ನಲ್ಲಿ ಕನ್ನಡ, ಕ್ಯಾಲೆಂಡರಿನಲ್ಲಿ ಚಿತ್ರವಿಚಿತ್ರ ಗುರುತು. ಗದಗಿನ ಪ್ರೆಸ್‌ಗಳಲ್ಲಿ ಡಿಟಿಪಿ ಮಾಡುವವರಿಗೆ ಈ ಕಾಟ ಹೊಸದಲ್ಲ. ಯೂನಿಕೋಡಿನಲ್ಲೇ ಟೈಪ್ ಮಾಡಿ.

ಈಗ ಸೆಟಿಂಗ್ಸ್, ಇಂಪೋರ್ಟ್ ಆ್ಯಂಡ್ ಎಕ್ಸ್‌ಪೋರ್ಟ್, ಫೈಲ್ ಆರಿಸಿ. ಕೆಳಗೆ ಆ್ಯಡ್ ಟು ಕ್ಯಾಲೆಂಡರ್ ಎಂಬಲ್ಲಿ ಪೂಜೆ-ಹಬ್ಬದ ಕ್ಯಾಲೆಂಡರ್ ಆರಿಸುವುದನ್ನು ಮರೆಯಬೇಡಿ. ಮೊದಲೇ ಬೇರೆ ಕ್ಯಾಲೆಂಡರ್ ಮಾಡಿಕೊಂಡಿದ್ದು ಇದಕ್ಕೇ. ತಾರೀಖು ಅಡ್ಡಾದಿಡ್ಡಿಯಾಗಿ ಬಂದರೆ ಆ ಒಂದು ಕ್ಯಾಲೆಂಡರನ್ನು ಡಿಲೀಟ್ ಮಾಡಿ ಹೊಸದು ಮಾಡಿಕೊಂಡರೆ ಮುಗಿಯಿತು. ಮುಖ್ಯ ಕ್ಯಾಲೆಂಡರಿಗೆ ಸುರಿದಿದ್ದರೆ ಒಂದೊಂದನ್ನೇ ಹುಡುಕಿ ಅಳಿಸುತ್ತ ಕೂರಬೇಕು.

ನೆನಪು ಬರದಿದ್ದರೆ

ಕಂಪ್ಯೂಟರಿನ ಪರದೆಯ ಮೇಲೆ ನೋಟಿಫಿಕೇಶನ್ ಬರಬೇಕಾದರೆ ಬ್ರೌಸರಿನಲ್ಲಿ ಕ್ಯಾಲೆಂಡರ್ ಟ್ಯಾಬ್ ತೆರೆದಿರಬೇಕು. ಟ್ಯಾಬಿನ ಮೇಲೆ ರೈಟ್ ಕ್ಲಿಕ್ ಮಾಡಿ ಪಿನ್ ಮಾಡಿಟ್ಟರೆ ಯಾರೂ ಗೊತ್ತಿಲ್ಲದೆ ಮುಚ್ಚುವುದು ತಪ್ಪುತ್ತದೆ. ಬ್ರೌಸರಿಗೆ ನೋಟಿಫಿಕೇಶನ್ ಅನುಮತಿ ಇದೆಯೇ, ವಿಂಡೋಸ್‌ನ ಡು ನಾಟ್ ಡಿಸ್ಟರ್ಬ್ ಆಫ್ ಇದೆಯೇ ನೋಡಿ. ತೆರಿಗೆಯಂಥವಕ್ಕೆ ಇಮೇಲ್ ನೋಟಿಫಿಕೇಶನ್ ಕೂಡ ಸೇರಿಸಿ.

ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇನ್ನೊಂದು ಕಾಯಿಲೆ ಇದೆ. ರಾತ್ರಿ ಮೇನ್ ಸ್ವಿಚ್ ತೆಗೆದು ಹೋಗಿ ಬೆಳಿಗ್ಗೆ ಶುರು ಮಾಡಿದರೆ ಗಡಿಯಾರ ಎಷ್ಟೋ ವರ್ಷ ಹಿಂದಿರುತ್ತದೆ, ಬ್ರೌಸರ್ ನಿಮ್ಮ ಗಡಿಯಾರ ಹಿಂದಿದೆ ಎಂದು ಹೇಳಿ ಕ್ಯಾಲೆಂಡರನ್ನೇ ತೆರೆಯುವುದಿಲ್ಲ. ಇದು ಕ್ಯಾಲೆಂಡರಿನ ತಪ್ಪಲ್ಲ, ಮದರ್‌ಬೋರ್ಡಿನ ಬ್ಯಾಟರಿ ಸತ್ತಿದೆ. ಸಾಮಾನ್ಯವಾಗಿ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಂಥ ಸೆಲ್. ಪ್ಲಗ್ ಕಿತ್ತು, ಹಳೆಯದನ್ನು ತೆಗೆದು, ಬರಹವಿರುವ ಪ್ಲಸ್ ಮುಖ ಮೇಲಾಗಿ ಹೊಸದನ್ನು ಕೂರಿಸಿ, ಶುರುವಾದ ಮೇಲೆ ತಾರೀಖು ಸರಿಪಡಿಸಿ.

ಗಲ್ಲೆಯ ಹುಡುಗರಿಗೆ ಶೇರ್ ಮಾಡುವಾಗ ಸೀ ಆಲ್ ಇವೆಂಟ್ ಡೀಟೇಲ್ಸ್ ಸಾಕು. ಮೇಕ್ ಚೇಂಜಸ್ ಟು ಇವೆಂಟ್ಸ್ ಒಬ್ಬರ ಕೈಯಲ್ಲೇ ಇರಲಿ. ಮೇಕ್ ಅವೈಲಬಲ್ ಟು ಪಬ್ಲಿಕ್ ಮೇಲೆ ಟಿಕ್ ಬೇಡವೇ ಬೇಡ, ಅದು ಊರಿಗೆಲ್ಲ ಕಾಣುತ್ತದೆ. ಕಂಪ್ಯೂಟರಿನ ಗೊಡವೆಯೇ ಬೇಡ ಎನ್ನುವ ಸಾಹುಕಾರರಿಗೆ ತಿಂಗಳ ನೋಟದಲ್ಲಿ ಹಲ್ಲುಗಾಲಿ ಒತ್ತಿ, ಎ4 ಹಾಳೆಯನ್ನು ಅಡ್ಡಕ್ಕೆ ಪ್ರಿಂಟ್ ತೆಗೆದು ಪಂಚಾಂಗದ ಪಕ್ಕಕ್ಕೆ ಅಂಟಿಸಿ.